ಜುನಿಪರನ್ನು ಹೀಟರ್ ಪಕ್ಕದಿಂದ ಎತ್ತಿ, ಗರಾಜಿಗೆ ಸಾಗಿಸಿ

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಸೆಪ್ಟೆಂಬರ್‌ನಲ್ಲಿ ನನ್ನ ಹುಟ್ಟುಹಬ್ಬಕ್ಕೆ ನಮ್ಮವರು ರಸ್ತೆ ಬದಿಯ ಅಂಗಡಿಯಿಂದ ಪುಟ್ಟ ಜುನಿಪರ್ ಬೋನ್ಸಾಯ್ (ಕುಂಡದಲ್ಲಿ ಗಿಡ್ಡವಾಗಿ ಬೆಳೆಸಿದ, ಸೂಜಿ ಎಲೆಯ ಮರ) ತಂದುಕೊಟ್ಟರು. ಅಡುಗೆಮನೆ ಕಿಟಕಿಯಲ್ಲಿ ತುಳಸಿ ಪಕ್ಕ ಇಟ್ಟಿದ್ದೆ. ನವೆಂಬರ್‌ನಲ್ಲಿ ಹೀಟರ್ ಶುರುವಾದ ಮೇಲೆ ಬಣ್ಣ ಮಾಸಿ ಬೂದುಬೂದಾಯಿತು. ಒಂದು ಕೊಂಬೆ ಪೂರ್ತಿ ಕಂದಾಗಿದೆ. ಚಳಿಗೆ ಹೀಗಾಗಿದೆ ಅಂದುಕೊಂಡು ಹೀಟರ್ ಕಿಂಡಿಯ ಹತ್ತಿರ ಸರಿಸಿದೆ. ದಿನಾ ನೀರು ಹಾಕಿದೆ, ಎರಡು ಸಲ ಗೊಬ್ಬರದ ನೀರೂ ಕೊಟ್ಟೆ. ಆದರೂ ಕೆಡುತ್ತಲೇ ಇದೆ. ಈಗ ಡಿಸೆಂಬರ್ ಅರ್ಧ ಕಳೆದಿದೆ. ಅತ್ತೆ ಮೈಸೂರಿನಿಂದ ಫೋನ್ ಮಾಡಿದಾಗಲೆಲ್ಲ "ಅದನ್ನ ಬೆಚ್ಚಗಿಡಮ್ಮ" ಅನ್ನುತ್ತಾರೆ. ಉಳಿಸಿಕೊಳ್ಳಬಹುದಾ? ಒಂದು ಫೈಕಸ್ ಬೋನ್ಸಾಯ್ ಕೂಡ ಇದೆ, ಅದರ ಎಲೆಯೂ ಉದುರುತ್ತಿದೆ. ಮೂರು ಫೋಟೋ ಕಳಿಸಿದ್ದೇನೆ.

ಉತ್ತರ: ಇದನ್ನು ಓದಿ ಮುಗಿಸುವ ಮುಂಚೆಯೇ ಎದ್ದು ಹೋಗಿ ಜುನಿಪರನ್ನು ಹೀಟರ್ ಕಿಂಡಿಯ ಹತ್ತಿರದಿಂದ ಎತ್ತಿಬಿಡಿ. ಮನೆಯಲ್ಲಿ ಎಲ್ಲಕ್ಕಿಂತ ತಣ್ಣಗಿರುವ, ಬೆಳಕೂ ಇರುವ ಮೂಲೆ ಯಾವುದೋ ಅಲ್ಲಿಡಿ. ಮಿಕ್ಕಿದ್ದನ್ನು ನಿಧಾನಕ್ಕೆ ನೋಡೋಣ.

ನೀವು ಮಾಡಿದ್ದು ಇಷ್ಟೇ: ತುಳಸಿಗೆ ಏನು ಮಾಡಬೇಕೋ ಅದನ್ನೇ ಜುನಿಪರ್‌ಗೂ ಮಾಡಿದ್ದೀರಿ. ತುಳಸಿ ಬಿಸಿಲು ನಾಡಿನದು. ಇಲ್ಲಿ ನವೆಂಬರ್‌ನಲ್ಲಿ ಒಂದು ರಾತ್ರಿ ಹೊರಗಿನ ಮರದ ಜಗಲಿ, ಅಂದರೆ ಡೆಕ್ ಮೇಲೆ ಮರೆತರೂ ಸಾಕು, ಬೆಳಗ್ಗೆ ಎಲೆಯೆಲ್ಲ ಕಪ್ಪಾಗಿರುತ್ತದೆ. ಅದಕ್ಕೇ ಇಲ್ಲಿನ ನಮ್ಮವರ ಮನೆಗಳಲ್ಲಿ ಅಕ್ಟೋಬರ್ ಬಂತೆಂದರೆ ತುಳಸಿ ಒಳಗೆ ಬರುತ್ತದೆ. ಅದು ಸರಿ. ಆದರೆ ಫೋಟೋದಲ್ಲಿ ಕಾಣುತ್ತಿರುವ ನಿಮ್ಮ ಗಿಡ 'ಪ್ರೊಕಂಬೆನ್ಸ್ ನಾನಾ' ಎಂಬ ಜಾತಿ. ಜಪಾನಿನ ಕಡಲ ದಂಡೆಗಳಲ್ಲಿ ನೆಲ ಹಿಡಿದು ಹಬ್ಬುವ ಜುನಿಪರ್‌ನ ಗಿಡ್ಡ ತಳಿ. ಅಮೆರಿಕದಲ್ಲಿ ರಸ್ತೆ ಬದಿಯಲ್ಲೂ ಮಾಲ್‌ಗಳಲ್ಲೂ ಬೋನ್ಸಾಯ್ ಅಂತ ಮಾರುವುದು ಹೆಚ್ಚಾಗಿ ಇದನ್ನೇ. ನೆಲದಲ್ಲಿ ನೆಟ್ಟರೆ ಇದು ಮೈನಸ್ 30 ಡಿಗ್ರಿ ಸುತ್ತಿನ ಚಳಿಯನ್ನೂ ತಡೆಯುತ್ತದೆ. ಎಡಿಸನ್‌ನ ಚಳಿ ಇದಕ್ಕೆ ದೊಡ್ಡ ವಿಷಯವೇ ಅಲ್ಲ.

ಚಳಿ ಎಂದರೆ ನಮಗೆ ಬೇರೆಯದೇ ಲೆಕ್ಕ, ಅಲ್ವಾ? ಬೆಂಗಳೂರಿನಲ್ಲಿ ಈವರೆಗೆ ದಾಖಲಾಗಿರುವ ಅತಿ ಕಡಿಮೆ ತಾಪಮಾನ 7.8 ಡಿಗ್ರಿ. ಅದೂ 1884ರ ಜನವರಿಯಲ್ಲಿ. ನಿಮ್ಮ ಜುನಿಪರ್‌ಗೆ ಸರಿಯಾಗಿ ನಿದ್ದೆ ಹತ್ತುವುದೇ ಆ ತಾಪಮಾನದಿಂದ ಕೆಳಗೆ! ಶರತ್ಕಾಲದಲ್ಲಿ ಹಗಲು ಗಿಡ್ಡವಾಗುತ್ತಾ, ರಾತ್ರಿ ತಣ್ಣಗಾಗುತ್ತಾ ಬಂದ ಹಾಗೆ ಈ ಗಿಡ ತನ್ನ ಕೆಲಸವನ್ನು ಒಂದೊಂದಾಗಿ ನಿಲ್ಲಿಸುತ್ತದೆ. ನಂತರ ಹಲವು ವಾರ ಮಲಗುತ್ತದೆ. ಆ ನಿದ್ದೆ ಸಿಗದಿದ್ದರೆ ವಸಂತದಲ್ಲಿ ಸರಿಯಾಗಿ ಚಿಗುರುವುದಿಲ್ಲ.

ನಿಮ್ಮ ಅಡುಗೆಮನೆಯಲ್ಲಿ ಆಗಿದ್ದೇನು? ಹೀಟರ್ ಇರುವ ಮನೆಯಲ್ಲಿ ಗಾಳಿ ಒಣಗಿ ಹಪ್ಪಳವಾಗಿರುತ್ತದೆ. ನಮ್ಮ ತುಟಿಯೇ ಒಡೆಯುತ್ತದಲ್ಲ, ಗಿಡದ ಪಾಡು ಕೇಳಬೇಕೇ. ಕಿಟಕಿಯ ಬೆಳಕು ನಮ್ಮ ಕಣ್ಣಿಗೆ ಧಾರಾಳ, ಜುನಿಪರ್‌ಗೆ ಏನೇನೂ ಸಾಲದು. ಆದರೆ ಸುತ್ತ ಬೆಚ್ಚಗಿರುವುದರಿಂದ ಅದು ಮಲಗುವ ಹಾಗೂ ಇಲ್ಲ. ಮೈಯಲ್ಲಿ ಕೂಡಿಟ್ಟುಕೊಂಡದ್ದನ್ನು ದಿನಾ ಖರ್ಚು ಮಾಡುತ್ತಿದೆ, ಸಂಪಾದನೆ ಮಾತ್ರ ಇಲ್ಲ. ಮೂರು ತಿಂಗಳು ಹೀಗೇ ನಡೆದಿದೆ. ಗಂಟು ಈಗ ಕರಗುತ್ತಾ ಬಂದಿದೆ.

ಅತ್ತೆಯವರಿಗೆ ಒಂದು ಮಾತು ಹೇಳಿ ನೋಡಿ. ಮೈಸೂರಿನವರು ಅಂದಮೇಲೆ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ವನವನ್ನು ನೋಡಿಯೇ ಇರುತ್ತಾರೆ. ಅಲ್ಲಿ ಮರಗಳೆಲ್ಲ ಬಯಲಿನಲ್ಲೇ ಇವೆ. ಬೋನ್ಸಾಯ್ ಅಂದರೆ ತಟ್ಟೆಯಲ್ಲಿರುವ ಮರ ಅಷ್ಟೇ, ಶೋಕೇಸಿನ ವಸ್ತು ಅಲ್ಲ. ನಿಮಗೆ ಯಾವಾಗಲಾದರೂ ವಾಷಿಂಗ್ಟನ್ ಕಡೆ ಹೋಗುವುದಿದ್ದರೆ ನ್ಯಾಷನಲ್ ಆರ್ಬೊರೇಟಮ್ ಎಂಬ ಮರಗಳ ತೋಟದಲ್ಲಿರುವ ಯಮಾಕಿ ಪೈನ್ ನೋಡಿ ಬನ್ನಿ. 1625ರಿಂದ ಕುಂಡದಲ್ಲಿ ಬೆಳೆಸುತ್ತಾ ಬಂದ ಬಿಳಿ ಪೈನ್ ಅದು. 1945ರಲ್ಲಿ ಹಿರೋಷಿಮಾದಲ್ಲಿ ಬಾಂಬ್ ಬಿದ್ದಾಗ ಸುಮಾರು 3 ಕಿಲೋಮೀಟರ್ ದೂರದ ಯಮಾಕಿ ಮನೆತನದ ತೋಟದಲ್ಲಿ, ಗೋಡೆಯ ಮರೆಯಲ್ಲಿತ್ತು. ಉಳಿಯಿತು. 1976ರಲ್ಲಿ ಅಮೆರಿಕಕ್ಕೆ ಉಡುಗೊರೆಯಾಗಿ ಬಂತು. ಅದು ಕಳೆದ ಅಷ್ಟೂ ಚಳಿಗಾಲದಲ್ಲಿ ಯಾರೂ ಅದನ್ನು ಒಲೆ ಪಕ್ಕ ಕೂರಿಸಿರಲಿಲ್ಲ.

ಸರಿ, ನಿಮ್ಮ ಗಿಡ ಬದುಕಿದೆಯಾ? ಇಲ್ಲಿ ನಾನು ಸುಳ್ಳು ಧೈರ್ಯ ಹೇಳುವುದಿಲ್ಲ. ಜುನಿಪರ್ ಸತ್ತರೂ ವಾರಗಟ್ಟಲೆ ಹಸಿರಾಗೇ ಕಾಣುತ್ತದೆ. ಈಗ ಎಲ್ಲರ ಮನೆಯಲ್ಲೂ ಇರುವ ಕ್ರಿಸ್‌ಮಸ್ ಮರ ನೋಡಿ, ಅದಕ್ಕೆ ಬೇರು ಕೂಡ ಇಲ್ಲ, ಕಡಿದು ತಿಂಗಳಾಗಿದೆ, ಆದರೂ ಹಸಿರು. ಹಾಗಾಗಿ ಬಣ್ಣ ನೋಡಿ ತೀರ್ಮಾನಿಸಬೇಡಿ, ಮುಟ್ಟಿ ನೋಡಿ. ಒಂದು ಸಣ್ಣ ರೆಂಬೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿ. ಬಳುಕಿದರೆ ಒಳಗೆ ನೀರಿದೆ. ಚಟ್ ಎಂದು ಮುರಿದು ಎಲೆ ಪುಡಿಯಾಗಿ ಉದುರಿದರೆ ಆ ರೆಂಬೆ ಮುಗಿಯಿತು. ಇದನ್ನೇ ಗಿಡದ ನಾಲ್ಕೈದು ಕಡೆ ಮಾಡಿ. ಆಮೇಲೆ ಕಾಂಡದ ಹತ್ತಿರದ ಒಂದು ರೆಂಬೆಯ ಸಿಪ್ಪೆಯನ್ನು ಉಗುರಿನಿಂದ ಒಂದೇ ಒಂದು ಕಡೆ, ಅಕ್ಕಿಕಾಳಿನಷ್ಟು ಕೆರೆಯಿರಿ. ಒಳಗೆ ಹಸಿ ಹಸಿರು ಕಂಡರೆ ಒಳ್ಳೆಯದು, ಒಣ ಕಂದು ಕಂಡರೆ ಕೆಟ್ಟದ್ದು. ಎಲ್ಲ ಕಡೆ ಕೆರೆಯುತ್ತಾ ಹೋಗಬೇಡಿ. ಜೀವ ಇದೆಯಾ ಅಂತ ನೋಡಲು ಹೋಗಿ ಇರುವ ಜೀವವನ್ನೂ ತೆಗೆದವರನ್ನು ನೋಡಿದ್ದೇನೆ.

ಫೋಟೋದಲ್ಲಿ ಕಂದಾಗಿರುವ ಆ ಒಂದು ಕೊಂಬೆಯ ಆಸೆ ಬಿಡಿ. ಆದರೆ ಈಗ ಕತ್ತರಿಸಬೇಡಿ, ಇರಲಿ. ನನಗೆ ಆತಂಕ ಇರುವುದು ಉಳಿದ ಗಿಡದ ಬೂದು ಬಣ್ಣದ ಬಗ್ಗೆ. ಇಡೀ ಗಿಡ ಒಟ್ಟಿಗೇ ಮಾಸಿದರೆ ಸಾಮಾನ್ಯವಾಗಿ ಎರಡು ಕಾರಣ. ಒಂದು ನುಸಿ, ಇನ್ನೊಂದು ಬೇರು.

ನುಸಿ ಪರೀಕ್ಷೆ ಸುಲಭ. ಒಂದು ಬಿಳಿ ಹಾಳೆಯನ್ನು ಕೊಂಬೆಯ ಕೆಳಗೆ ಹಿಡಿದು ಮೇಲಿನಿಂದ ತಟ್ಟಿ. ಪುಡಿ ಬೀಳುತ್ತದೆ. ಅರ್ಧ ನಿಮಿಷ ಸುಮ್ನೆ ನೋಡುತ್ತಾ ನಿಲ್ಲಿ. ಪುಡಿಯಲ್ಲಿ ಕೆಲವು ಚುಕ್ಕೆ ನಡೆಯಲು ಶುರುಮಾಡಿದರೆ ಅವೇ ನುಸಿ. ಬೆಚ್ಚಗಿನ ಒಣ ಗಾಳಿ ಅವಕ್ಕೆ ತವರುಮನೆ ಇದ್ದ ಹಾಗೆ. ಇದ್ದರೆ ಗಾಬರಿ ಬೇಡ, ಔಷಧಿಯೂ ಸದ್ಯಕ್ಕೆ ಬೇಡ. ಸ್ನಾನದಮನೆಯಲ್ಲಿ ಮಣ್ಣಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿ, ಗಿಡವನ್ನು ಓರೆ ಹಿಡಿದು, ಹ್ಯಾಂಡ್ ಶವರಿನಿಂದ ಎಲೆಯ ಕೆಳಗೂ ಮೇಲೂ ಜೋರಾಗಿ ತೊಳೆಯಿರಿ. ಉಗುರುಬೆಚ್ಚಗಿನ ನೀರೂ ಬೇಡ, ತಣ್ಣೀರೇ ಸಾಕು. ನಾಲ್ಕು ದಿನ ಬಿಟ್ಟು ಮತ್ತೊಮ್ಮೆ ಮಾಡಿ.

ಬೇರಿನ ವಿಷಯ ಸ್ವಲ್ಪ ಉದ್ದ. ನಿಮ್ಮ ಎರಡನೇ ಫೋಟೋ ದೊಡ್ಡದು ಮಾಡಿ ನೋಡಿದೆ. ಮಣ್ಣಿನ ಮೇಲಿರುವ ಕಲ್ಲುಗಳು ಒಂದಕ್ಕೊಂದು ಅಂಟಿಕೊಂಡಿವೆ, ನಡುವೆ ಗಾಜಿನಂತೆ ಹೊಳೆಯುವುದು ಅಂಟು. ಸಾಗಿಸುವಾಗ ಮಣ್ಣು ಚೆಲ್ಲಬಾರದು ಅಂತ ಮಾರುವವರು ಹೀಗೆ ಅಂಟಿಸುತ್ತಾರೆ. ನೀವು ದಿನಾ ಹಾಕಿದ ನೀರು ಅರ್ಧ ಆ ಕಲ್ಲಿನ ಮೇಲೇ ಜಾರಿ ಅಂಚಿನಿಂದ ಹೊರಗೆ ಹೋಗಿದೆ. ಒಳಗೆ ಇಳಿದ ನೀರು ಹೊರಗೆ ಬರುವ ದಾರಿ ಇದೆಯೋ ಇಲ್ಲವೋ ಗೊತ್ತಿಲ್ಲ. ಅಂದರೆ ಒಂದೇ ಕುಂಡದಲ್ಲಿ ಒಂದು ಕಡೆ ಬೇರು ಒಣಗಿ, ಇನ್ನೊಂದು ಕಡೆ ಕೊಳೆತಿರಬಹುದು. ಒಂದು ಹಳೇ ಸ್ಕ್ರೂಡ್ರೈವರ್ ತೆಗೆದುಕೊಂಡು, ಅಂಚಿನಿಂದ ಶುರುಮಾಡಿ, ಕಾಂಡಕ್ಕೆ ತಾಗದ ಹಾಗೆ ಆ ಕಲ್ಲಿನ ಹೊದಿಕೆಯನ್ನು ಚೂರು ಚೂರಾಗಿ ಎಬ್ಬಿಸಿ ತೆಗೆಯಿರಿ. ಕುಂಡವನ್ನು ಎತ್ತಿ ಅಡಿಯ ತೂತು ನೋಡಿ. ಮುಚ್ಚಿದ್ದರೆ ಕಡ್ಡಿಯಿಂದ ಬಿಡಿಸಿ. ತೂತೇ ಇಲ್ಲದಿದ್ದರೆ ಕಲ್ಲು ಕೊರೆಯುವ ಡ್ರಿಲ್ ಬಿಟ್ಟಿನಿಂದ, ಕುಂಡವನ್ನು ಸ್ವಲ್ಪ ಬಾಗಿಸಿ ಹಿಡಿದುಕೊಂಡು, ಮೆಲ್ಲಗೆ ಒಂದು ಕೊರೆಯಬೇಕಾಗುತ್ತದೆ. ಈ ಕೆಲಸ ಮನೆಯವರಿಗೆ ವಹಿಸಿ. ಗಿಡ ತಂದವರು ಅವರೇ ತಾನೇ!

ಆಮೇಲೆ ಮೂಸಿ ನೋಡಿ. ಮಳೆ ಬಿದ್ದ ನೆಲದ ವಾಸನೆ ಬಂದರೆ ಸರಿ. ಹಳಸಿದ ವಾಸನೆ ಬಂದರೆ ಬೇರು ಕೊಳೆಯುತ್ತಿದೆ. ಹಾಗಿದ್ದರೂ ಈಗ ಕುಂಡ ಬದಲಿಸಬೇಡಿ. ಹೊಸ ಬೇರು ಬಿಡುವ ಕಾಲ ಇದಲ್ಲ. ಅದರ ಬದಲು ಕುಂಡದ ಒಂದು ತುದಿಯ ಕೆಳಗೆ ಮರದ ತುಂಡೊಂದನ್ನು ಕೊಟ್ಟು ಓರೆ ಮಾಡಿ ಇಡಿ. ಬೋನ್ಸಾಯ್ ಕುಂಡ ತಟ್ಟೆಯ ಹಾಗೆ ಚಪ್ಪಟೆ ಇರುವುದರಿಂದ ಅಡಿಯಲ್ಲಿ ನೀರು ನಿಂತೇ ಇರುತ್ತದೆ. ಓರೆ ಮಾಡಿದರೆ ಆ ನೀರು ಒಂದು ಮೂಲೆಗೆ ಸೇರಿ ತೂತಿನಿಂದ ಇಳಿದುಹೋಗುತ್ತದೆ. ಖರ್ಚಿಲ್ಲದ ಉಪಾಯ, ಎಷ್ಟೋ ಗಿಡ ಉಳಿಸಿದೆ.

ಗೊಬ್ಬರ ಪೂರ್ತಿ ನಿಲ್ಲಿಸಿ. ಜ್ವರ ಬಂದವರಿಗೆ ಒಬ್ಬಟ್ಟು ತಿನ್ನಿಸಿದ ಹಾಗೆ ಅದು. ಕೊಟ್ಟ ಗೊಬ್ಬರದ ಉಪ್ಪು ಮಣ್ಣಿನಲ್ಲಿ ಉಳಿದಿರುತ್ತದೆ. ಕಲ್ಲು ತೆಗೆದ ಮೇಲೆ ಒಂದು ಸಲ ಧಾರಾಳ ನೀರು ಹಾಯಿಸಿ ತೊಳೆದುಬಿಡಿ, ಓರೆ ಮಾಡಿ ಬಸಿಯಿರಿ.

ಈಗ ಮುಖ್ಯ ಪ್ರಶ್ನೆ, ಎಲ್ಲಿಡುವುದು. "ಚಳಿ ಬೇಕು" ಅಂದೆನೆಂದು ಇವತ್ತು ರಾತ್ರಿಯೇ ಡೆಕ್ ಮೇಲೆ ಇಟ್ಟುಬಿಡಬೇಡಿ! ಹೊರಗೇ ಇದ್ದ ಜುನಿಪರ್ ಸೆಪ್ಟೆಂಬರ್‌ನಿಂದ ನಿಧಾನವಾಗಿ ಚಳಿಗೆ ಮೈ ಒಗ್ಗಿಸಿಕೊಂಡಿರುತ್ತದೆ. ನಿಮ್ಮದು 21 ಡಿಗ್ರಿಯಲ್ಲಿ ಕೂತಿದೆ. ಅದನ್ನು ಒಂದೇ ಏಟಿಗೆ ಮೈನಸ್ 8ಕ್ಕೆ ಒಯ್ದರೆ ಬೆಳಗಾಗುವುದರೊಳಗೆ ಕಥೆ ಮುಗಿಯುತ್ತದೆ. ನಿಮಗೆ ಬೇಕಾದ್ದು ಸೊನ್ನೆಯಿಂದ 7 ಡಿಗ್ರಿ ನಡುವೆ ಇರುವ ಜಾಗ, ಫ್ಯಾರನ್‌ಹೀಟ್ ಲೆಕ್ಕದಲ್ಲಿ 32ರಿಂದ 45. ಮನೆಗೆ ಅಂಟಿಕೊಂಡಿರುವ, ಹೀಟರ್ ಇಲ್ಲದ ಗರಾಜ್ ಇದಕ್ಕೆ ಹೇಳಿ ಮಾಡಿಸಿದ್ದು. ಜಪಾನಿನಲ್ಲಿ ಇದೇ ಕೆಲಸಕ್ಕೆ 'ಮುರೊ' ಎಂಬ ಪುಟ್ಟ ಮನೆ ಕಟ್ಟಿಕೊಳ್ಳುತ್ತಾರೆ. ಗಾಳಿ ತಪ್ಪಿಸಬೇಕು, ಬೇರು ಹೆಪ್ಪುಗಟ್ಟದಂತೆ ನೋಡಿಕೊಳ್ಳಬೇಕು, ಬೆಚ್ಚಗೆ ಮಾತ್ರ ಮಾಡಬಾರದು. ನಿಮ್ಮ ಗರಾಜೇ ನಿಮ್ಮ ಮುರೊ ಅಂದುಕೊಳ್ಳಿ.

ಹೊರಗೆ ಹಗಲು 8–10 ಡಿಗ್ರಿ ಇರುವ ಒಂದು ದಿನ ನೋಡಿ ಸಾಗಿಸಿ. ಅದಕ್ಕೂ ಮುಂಚೆ ಒಂದು ವಾರ, ಮನೆಯೊಳಗೇ ಹೀಟರ್ ಮುಚ್ಚಿದ ಕೋಣೆಯಲ್ಲಿಟ್ಟರೆ ಇನ್ನೂ ಒಳ್ಳೆಯದು. ಗರಾಜಿನಲ್ಲಿ ಕಿಟಕಿ ಇದ್ದರೆ ಅದರ ಪಕ್ಕ ಇಡಿ. ಇಲ್ಲದಿದ್ದರೆ ಟೈಮರ್ ಹಾಕಿದ ಎಲ್‌ಇಡಿ ಟ್ಯೂಬ್ ಒಂದನ್ನು ದಿನಕ್ಕೆ ಎಂಟ್ಹತ್ತು ಗಂಟೆ ಉರಿಸಿ. 4–5 ಡಿಗ್ರಿಗಿಂತ ಕೆಳಗಿದ್ದಾಗ ಗಿಡಕ್ಕೆ ಬೆಳಕಿನ ಅಗತ್ಯ ತೀರಾ ಕಡಿಮೆ, ಆದರೆ ನಿಮ್ಮದು ಈಗಾಗಲೇ ಸೊರಗಿರುವುದರಿಂದ ಇರಲಿ. ಕುಂಡವನ್ನು ಸಿಮೆಂಟ್ ನೆಲದ ಮೇಲೆ ನೇರ ಇಡದೆ ಕೆಳಗೊಂದು ಥರ್ಮಾಕೋಲ್ ತುಂಡು ಹಾಕಿ. ಜೊತೆಗೊಂದು ಹತ್ತು ಡಾಲರ್‌ನ ಥರ್ಮಾಮೀಟರ್ ಇಡಿ. ಅಂದಾಜಿನ ಮೇಲೆ ನಡೆಸಬೇಡಿ. ಗರಾಜ್ ಒಳಗೆ ಮೈನಸ್ 5ಕ್ಕೆ ಇಳಿಯುವ ರಾತ್ರಿಗಳಲ್ಲಿ ಕುಂಡವನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಸುತ್ತ ತರಗೆಲೆ ತುಂಬಿ.

ಬೇರಿನ ಬಗ್ಗೆ ಇಷ್ಟು ಯಾಕೆ ಹೇಳುತ್ತೇನೆಂದರೆ, ಅದರ ಪಾಠ ನಾನು ದುಬಾರಿಗೆ ಕಲಿತದ್ದು. ಈ ದೇಶಕ್ಕೆ ಬಂದ ಮೂರನೇ ಚಳಿಗಾಲ. ನನ್ನ ಹತ್ತಿರ ಒಂದೇ ನರ್ಸರಿಯ, ಒಂದೇ ವಯಸ್ಸಿನ ಎರಡು ಜಪಾನೀ ಮೇಪಲ್ ಇದ್ದವು. ಒಂದನ್ನು ಕುಂಡ ಸಮೇತ ಹಿತ್ತಲ ನೆಲದಲ್ಲಿ ಅಂಚಿನವರೆಗೆ ಹೂತು ಮೇಲೆ ಎಲೆ ಹೊದಿಸಿದ್ದೆ. ಇನ್ನೊಂದು ಚೆಂದ ಕಾಣುತ್ತದೆ ಅಂತ ಡೆಕ್ ಕಟ್ಟೆಯ ಮೇಲೇ ಬಿಟ್ಟಿದ್ದೆ. ಮಾರ್ಚ್ ಕೊನೆಗೆ ಎರಡೂ ಚಿಗುರಿದವು, ಕೆಂಪು ಕೆಂಪಾಗಿ. ಬೀಗಿದ್ದೇ ಬೀಗಿದ್ದು. ಏಪ್ರಿಲ್ ಎರಡನೇ ವಾರ ಡೆಕ್ ಮೇಲಿನದು ಬೆಳಗ್ಗೆ ಜೋತುಬಿದ್ದಿತ್ತು. ನೀರು ಹಾಕಿದೆ, ನೆರಳಿಗೆ ತಂದೆ. ನಾಲ್ಕು ದಿನಕ್ಕೆ ಎಲೆಯೆಲ್ಲ ಸುರುಟಿತು. ಕುಂಡದಿಂದ ಎಳೆದು ನೋಡಿದರೆ ಬೇರೆಲ್ಲ ಕಪ್ಪು. ಒಂದನ್ನು ಬೆರಳಲ್ಲಿ ಹಿಡಿದು ಎಳೆದೆ, ಒದ್ದೆ ಸಿಪ್ಪೆ ಕೈಗೆ ಬಂತು, ಒಳಗಿನ ನಾರು ಮಾತ್ರ ದಾರದ ಹಾಗೆ ಉಳಿಯಿತು. ಮರ ಜನವರಿಯಲ್ಲೇ ಸತ್ತಿತ್ತು. ಆ ಚಿಗುರು ಕೊಂಬೆಯಲ್ಲಿ ಉಳಿದಿದ್ದ ಸಾಮಾನಿನಲ್ಲಿ ಬಂದದ್ದು. ಕೊಂಬೆ ತಡೆಯುವಷ್ಟು ಚಳಿಯನ್ನು ಬೇರು ತಡೆಯುವುದಿಲ್ಲ. ನೆಲದಲ್ಲಿರುವ ಮರದ ಬೇರಿಗೆ ಇಡೀ ಭೂಮಿಯೇ ಕಂಬಳಿ, ಕುಂಡದಲ್ಲಿರುವ ಬೇರಿಗೆ ನಾಲ್ಕೂ ಕಡೆಯಿಂದ ಗಾಳಿ. ಜುನಿಪರ್ ಬೇರು ಮೇಪಲ್‌ಗಿಂತ ಗಟ್ಟಿ, ನಿಜ. ಆದರೆ ಸೊರಗಿದ ಗಿಡವನ್ನು ಆ ಪರೀಕ್ಷೆಗೆ ಕೂರಿಸುವುದು ಬೇಡ.

(ಮುಂದಿನ ವರ್ಷ ಗಿಡ ಗಟ್ಟಿಯಾಗಿದ್ದರೆ ನನ್ನ ಮೊದಲ ಮೇಪಲ್‌ನ ಹಾಗೇ ನೆಲದಲ್ಲಿ ಹೂತಿಡಿ. ಮನೆಯ ಉತ್ತರ ಅಥವಾ ಪೂರ್ವದ ಗೋಡೆ ಪಕ್ಕ, ಗಾಳಿ ಬೀಸದ ಕಡೆ. ದಕ್ಷಿಣದ ಗೋಡೆ ಬೇಡ. ಅಲ್ಲಿ ಹಗಲು ಬಿಸಿಲಿಗೆ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟುವ ಆಟ ನಡೆಯುತ್ತದೆ. ಸುತ್ತ ಜಾಲರಿ ಕಟ್ಟಿ, ಹಿಮದಡಿ ಇಲಿಗಳು ಬಂದು ತೊಗಟೆ ಕೆರೆದು ತಿನ್ನುತ್ತವೆ, ಮೊಲಗಳೂ ಬಿಡುವುದಿಲ್ಲ.)

ಗರಾಜಿನಲ್ಲಿಟ್ಟ ಗಿಡಗಳು ಚಳಿಗಿಂತ ಮರೆವಿಗೆ ಸಾಯುವುದೇ ಜಾಸ್ತಿ. ಕಣ್ಣೆದುರು ಇರುವುದಿಲ್ಲ, ಮಳೆ ಬೀಳುವುದಿಲ್ಲ. ಮಲಗಿದ್ದರೂ ಜುನಿಪರ್ ಎಲೆ ಉದುರಿಸುವುದಿಲ್ಲವಲ್ಲ, ಸ್ವಲ್ಪ ಸ್ವಲ್ಪ ನೀರು ಹೋಗುತ್ತಲೇ ಇರುತ್ತದೆ. ಹಾಗಂತ ದಿನಾ ಹಾಕಬೇಡಿ. ಊದುಬತ್ತಿ ಉರಿದು ಉಳಿದ ಕಡ್ಡಿ ಇರುತ್ತದಲ್ಲ, ಅದನ್ನು ಮಣ್ಣಿನಲ್ಲಿ ಎರಡು ಬೆರಳಷ್ಟು ಆಳಕ್ಕೆ ಚುಚ್ಚಿ ಹತ್ತು ನಿಮಿಷ ಬಿಡಿ. ತೆಗೆದಾಗ ಒದ್ದೆಯಾಗಿ ಬಣ್ಣ ಕಪ್ಪಾಗಿದ್ದರೆ ನೀರು ಬೇಡ. ಒಣಗುತ್ತಾ ಬಂದಿದೆ ಅನ್ನಿಸಿದರೆ ಅಡಿಯಿಂದ ಬಸಿಯುವವರೆಗೆ ಹಾಕಿ. ವಾರಕ್ಕೊಮ್ಮೆ ಚುಚ್ಚಿ ನೋಡಿದರೆ ಸಾಕು. ನೀರು ಬೇಕಾಗುವುದು ಹತ್ತು ಹದಿನೈದು ದಿನಕ್ಕೊಮ್ಮೆ ಇರಬಹುದು. ನೀರು ಹಾಕುವುದನ್ನು ಕಲಿಯಲು ಮೂರು ವರ್ಷ ಬೇಕು ಅಂತ ಜಪಾನಿನ ಬೋನ್ಸಾಯ್‌ನವರು ಹೇಳುತ್ತಾರೆ. ನಿಮಗಿನ್ನೂ ಮೂರು ತಿಂಗಳು, ಬೇಜಾರು ಬೇಡ. ಸ್ನೋ ಬಿದ್ದ ದಿನ ಒಂದು ಬೊಗಸೆ ತಂದು ಮಣ್ಣಿನ ಮೇಲೆ ಹರಡಿದರೂ ಆಯಿತು. ಕರಗುತ್ತಾ ತಾನೇ ಇಳಿಯುತ್ತದೆ. ಮಕ್ಕಳಿದ್ದರೆ ಈ ಕೆಲಸ ಅವರದ್ದು.

ಮಣ್ಣು ಎಂದಾದರೂ ಹೆಪ್ಪುಗಟ್ಟಿದ್ದು ಕಂಡರೆ ಬಿಸಿನೀರು ಸುರಿಯಬೇಡಿ, ಒಳಗೂ ತರಬೇಡಿ. ಹಾಗೇ ಬಿಡಿ. ಬೇರು ಹೆಪ್ಪುಗಟ್ಟಿರುವಾಗ ಮೇಲೆ ಗಾಳಿ, ಬಿಸಿಲು ಬಿದ್ದರೆ ಮಾತ್ರ ಅಪಾಯ. ಎಲೆ ನೀರು ಕಳೆದುಕೊಳ್ಳುತ್ತದೆ, ಕೆಳಗಿನಿಂದ ಬರುವುದಿಲ್ಲ. ಗರಾಜಿನಲ್ಲಿ ಆ ತೊಂದರೆ ಇಲ್ಲ. ಇನ್ನೊಂದು, ಚಳಿ ಹಿಡಿದ ಮೇಲೆ ಜುನಿಪರ್ ಸ್ವಲ್ಪ ಕಂಚಿನ ಬಣ್ಣಕ್ಕೆ ತಿರುಗುವುದು ಸಹಜ, ವಸಂತಕ್ಕೆ ಮತ್ತೆ ಹಸಿರಾಗುತ್ತದೆ. ಅದನ್ನು ನೋಡಿ ಹೆದರಿ ಮತ್ತೆ ಅಡುಗೆಮನೆಗೆ ತಂದೀರಿ!

ಮಾರ್ಚ್ ಕೊನೆಯ ಹೊತ್ತಿಗೆ ಹಗಲಲ್ಲಿ ಹೊರಗೆ ನೆರಳಿಗೆ ತನ್ನಿ. ಏಪ್ರಿಲ್ ಕೊನೆವರೆಗೂ ಇಲ್ಲಿ ರಾತ್ರಿ ಮಂಜುಗಟ್ಟುವುದುಂಟು. ಎಳೆ ಚಿಗುರು ಬಂದ ಮೇಲೆ ಅಂಥ ರಾತ್ರಿಗಳಲ್ಲಿ ಒಳಗಿಡಿ. ತುದಿಗಳಲ್ಲಿ ತಿಳಿ ಹಸಿರು ಕಂಡರೆ ಗೆದ್ದಿರಿ. ಆಗಲೂ ಕತ್ತರಿ ಮುಟ್ಟಬೇಡಿ. ಜುನಿಪರ್ ತನ್ನ ಶಕ್ತಿಯನ್ನೆಲ್ಲ ಎಲೆಯಲ್ಲೇ ಇಟ್ಟುಕೊಳ್ಳುತ್ತದೆ. ಆಕಾರ ಕೊಡುವುದು, ತಂತಿ ಸುತ್ತುವುದು, ಕುಂಡ ಬದಲಿಸುವುದು ಎಲ್ಲ ಒಂದು ವರ್ಷ ಮುಂದಕ್ಕೆ ಹಾಕಿ. ಒಂದು ವರ್ಷ ಅದು ಪೊದೆಯ ಹಾಗೇ ಬೆಳೆಯಲಿ, ಹೊರಗೆ, ಬಿಸಿಲಲ್ಲಿ.

ಫೈಕಸ್ ವಿಷಯ ತದ್ವಿರುದ್ಧ. ಅದು ನಮ್ಮ ಆಲ, ಅರಳಿ, ಅತ್ತಿಯ ಬಳಗದ್ದು. ಅದನ್ನು ಗರಾಜಿಗೆ ಒಯ್ದೀರಿ ಜೋಕೆ. ತುಳಸಿ ಜೊತೆ ಒಳಗೇ ಇರಲಿ, 15 ಡಿಗ್ರಿಗಿಂತ ಕೆಳಗೆ ಹೋಗದಿರಲಿ. ಎಲೆ ಉದುರುತ್ತಿರುವುದು ಬೆಳಕು ಕಡಿಮೆಯಾಗಿ, ಬಾಗಿಲು ತೆಗೆದಾಗಲೆಲ್ಲ ತಣ್ಣನೆ ಗಾಳಿ ಹೊಡೆದು. ದಕ್ಷಿಣದ ಕಿಟಕಿಗೆ ಸರಿಸಿ, ಮೇಲೊಂದು ಗ್ರೋ ಲೈಟ್ (ಗಿಡ ಬೆಳೆಸಲೆಂದೇ ಇರುವ ದೀಪ) ಹಾಕಿ ದಿನಕ್ಕೆ 12 ಗಂಟೆ ಉರಿಸಿ. ನೀರು ಕೊಂಚ ಕಡಿಮೆ ಮಾಡಿ. ಎಲೆಗೆ ನೀರು ಚಿಮುಕಿಸುವುದರಿಂದ ದೊಡ್ಡ ಲಾಭವಿಲ್ಲ, ಐದು ನಿಮಿಷಕ್ಕೆ ಒಣಗುತ್ತದೆ. ಫೆಬ್ರುವರಿಯಲ್ಲಿ ಬೆಳಕು ಹೆಚ್ಚಿದಂತೆ ಮತ್ತೆ ಎಲೆ ಬಿಡುತ್ತದೆ. ಇದಕ್ಕೆ ನನಗೆ ಭಯವಿಲ್ಲ.

ಜುನಿಪರ್‌ಗೆ? ಬಳುಕುವ ರೆಂಬೆ ಅರ್ಧದಷ್ಟಾದರೂ ಇದ್ದರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ. ಎಲ್ಲ ಕಡೆ ಚಟ್ ಎಂದರೆ ಕಷ್ಟ. ಆದರೂ ಮೇ ಮೊದಲ ವಾರದವರೆಗೆ ಬಿಸಾಡಬೇಡಿ, ಗರಾಜಿನಲ್ಲಿ ಅದಕ್ಕೆ ಬಾಡಿಗೆಯೇನೂ ಇಲ್ಲವಲ್ಲ. ಅಷ್ಟರಲ್ಲೂ ಚಿಗುರದಿದ್ದರೆ ಕುಂಡವನ್ನು ಚೆನ್ನಾಗಿ ತೊಳೆದು, ಬ್ಲೀಚ್ ಬೆರೆಸಿದ ನೀರಿನಲ್ಲಿ ಒಂದು ಗಂಟೆ ಮುಳುಗಿಸಿ ಒಣಗಿಸಿಡಿ. ಮೇ ತಿಂಗಳಲ್ಲಿ ನರ್ಸರಿಗಳಿಗೆ ಇದೇ ಪ್ರೊಕಂಬೆನ್ಸ್ ನಾನಾ ಪ್ಲಾಸ್ಟಿಕ್ ಕುಂಡದಲ್ಲಿ ಬರುತ್ತದೆ, ಬೋನ್ಸಾಯ್ ಅಂತ ಹೆಸರಿಲ್ಲದ ಕಾರಣ ಅರ್ಧ ಬೆಲೆಗೂ ಸಿಗಬಹುದು. ಅದನ್ನು ತಂದು ಒಂದು ವರ್ಷ ಪ್ಲಾಸ್ಟಿಕ್ ಕುಂಡದಲ್ಲೇ, ಹೊರಗೇ ಬೆಳೆಸಿ. ತೊಳೆದಿಟ್ಟ ಕುಂಡ ಅದರ ಮುಂದಿನ ಮಾರ್ಚ್‌ಗೆ ಬೇಕಾಗುತ್ತದೆ.